ಅವ್ವನನ್ನು ಹುಡುಕಿದ ಪ್ರೋಗ್ರಾಂ

ಪಿರಿಯಾಪಟ್ಟಣದ ಬಸ್ ಸ್ಟ್ಯಾಂಡಿನ ಹಿಂದೆ ಸೈಬರ್ ಸೆಂಟರ್ ಇಟ್ಟಿದ್ದ ಬೆಟ್ಟದಪುರದ ಶಿವಶಂಕರನಿಗೆ ಸರ್ಕಾರಿ ಕಚೇರಿ ಒಂದು ಪಾಠ ಕಲಿಸಿತ್ತು. ಅವ್ವ ಯಶೋದಮ್ಮನ ವಿಧವಾ ವೇತನಕ್ಕೆ ಅರ್ಜಿ ಕೊಟ್ಟು ಮರ್ಯಾದೆಯಾಗಿ ಮನೆಯಲ್ಲಿ ಕೂತಷ್ಟು ದಿನ ಯಾರೂ ಕ್ಯಾರೇ ಅನ್ನಲಿಲ್ಲ. ದಿನಾ ಹೋಗಿ ಗುಮಾಸ್ತರ ಮೇಜಿನ ಮುಂದೆ ನಿಂತು ತಲೆ ತಿಂದ ಮೇಲೆ ಕೆಲಸವಾಯಿತು. ಬಿಡದೆ ಪೀಡಿಸಿದರೇ ಲೋಕ ಉತ್ತರ ಕೊಡುವುದು ಎಂದು ಅವನು ಗಟ್ಟಿ ಮಾಡಿಕೊಂಡ.

ಎರಡು ಸಾವಿರದ ಆರನೇ ಇಸವಿಯಲ್ಲಿ, ಮರೆವು ಹತ್ತಿದ್ದ ಯಶೋದಮ್ಮ ಕೊಪ್ಪದ ಪೇಟೆಯಲ್ಲಿ ಮಗನ ಕೈ ಬಿಡಿಸಿಕೊಂಡು ಯಾವುದೋ ಬಸ್ಸು ಹತ್ತಿಬಿಟ್ಟಳು. ಪೊಲೀಸರಿಗೆ ಹೇಳಿಯಾಯಿತು, ದೇವರಿಗೂ ಹೇಳಿಯಾಯಿತು. ಮೈಸೂರಿನಲ್ಲಿ ಚಿಕ್ಕಮಾದಯ್ಯ ಎಂಬ ನಿವೃತ್ತ ಕಾಂಪೌಂಡರು, ದಿಕ್ಕಿಲ್ಲದೆ ಆಸ್ಪತ್ರೆ ಸೇರಿದವರ ಫೋಟೊ ಹಾಕುವ ವೆಬ್‌ಸೈಟೊಂದನ್ನು ಮನೆಯ ಹಳೇ ಕಂಪ್ಯೂಟರಿನಲ್ಲಿ ನಡೆಸುತ್ತಿದ್ದರು. ಶಿವಶಂಕರ ಪ್ರೋಗ್ರಾಂ ಬರೆದು, ಸೆಂಟರಿನ ಅಷ್ಟೂ ಕಂಪ್ಯೂಟರುಗಳಿಂದ ಕ್ಷಣಕ್ಷಣಕ್ಕೂ ಆ ಸೈಟನ್ನು ಕೇಳಿಸತೊಡಗಿದ: ಹೊಸಬರು ಯಾರಾದರೂ ಬಂದರೇ? ‘ಯಂತ್ರದಿಂದ ಕೇಳಿಸುವವರು ಗಂಟೆಗೊಂದು ಸಲ ಕೇಳಿ, ಜೊತೆಗೆ ನಿಮ್ಮ ಹೆಸರು, ಫೋನ್ ನಂಬರ್ ಕಳಿಸಿ’ ಎಂದು ಕೆಳಗೇ ಬರೆದಿತ್ತು. ಓದಿದ. ಅವ್ವನನ್ನು ಕಳೆದುಕೊಂಡವನಿಗೆ ಗಂಟೆಗೊಂದು ಸಲವಂತೆ. ಹೆಸರು, ನಂಬರ್ ಏನೂ ಹಾಕದೆ ಪ್ರೋಗ್ರಾಂ ಓಡಿಸುತ್ತಲೇ ಇದ್ದ; ಮಗನ ಸಂಕಟ ನೋಡಿದರೆ ಅವನನ್ನು ಬೈಯಲೂ ಬಾಯಿ ಬಾರದು.

ಕೆಲವೇ ದಿನಗಳಲ್ಲಿ ಸೈಟು ತೆರೆಯದಾಯಿತು. ಕೆಟ್ಟುಹೋಗಿದೆ ಎಂದುಕೊಂಡು ಅವನು ಪೋಸ್ಟರ್ ಹಿಡಿದು ಊರೂರು ಅಲೆದ. ಹುಣಸೂರಿನ ಗೆಳೆಯನ ಸೈಬರಿನಲ್ಲಿ ಸುಮ್ಮನೆ ನೋಡಿದರೆ, ಅದೇ ಸೈಟು ಸಲೀಸಾಗಿ ತೆರೆಯಿತು. ಅಲ್ಲಿ ಅವ್ವ ಇದ್ದಳು. ಫೋಟೊ ಹಾಕಿ ವಾರವಾಗಿತ್ತು.

ಬಿದ್ದೆನೋ ಎದ್ದೆನೋ ಎಂದು ಮೈಸೂರಿನ ಆಸ್ಪತ್ರೆಗೆ ಓಡಿದ. ಹಿಂದಿನ ದಿನವೇ ಅವಳು ತೀರಿಕೊಂಡಿದ್ದಳು. ಕೊನೆಯವರೆಗೂ “ಶಂಕ್ರ ಬಂದ್ನಾ” ಎನ್ನುತ್ತಿದ್ದಳಂತೆ.

ಹೆಣದ ಹತ್ತಿರ ಚಿಕ್ಕಮಾದಯ್ಯ ತಲೆ ತಗ್ಗಿಸಿ ನಿಂತಿದ್ದರು. ತನ್ನ ಸೆಂಟರಿನಲ್ಲಿ ಸೈಟು ಯಾಕೆ ತೆರೆಯಲಿಲ್ಲವೆಂದು ಕೇಳುತ್ತ ಶಿವಶಂಕರ ತನ್ನ ಪ್ರೋಗ್ರಾಂ ವಿಷಯ ಹೇಳಿದ.

“ಒಂದೇ ಕಡೆಯಿಂದ ಬಡೀತಾನೇ ಇತ್ತು ಕಣಪ್ಪ. ನನ್ ಕಂಪ್ಯೂಟ್ರು ನಿಂತೋಯ್ತು, ಬೇರೆಯೋರ್ಗೂ ಸೈಟು ಸಿಗ್ದಂಗಾಯ್ತು. ಯಾರೋ ಕಿಡಿಗೇಡಿ ಅಂತ ಆ ಕಡೆಯಿಂದ ಬರೋದ್ನ ತಡ್ದುಬುಟ್ಟೆ. ಎಸ್ರೋ ನಂಬ್ರೋ ಇದ್ದಿದ್ರೆ ನಾನೇ ಫೋನ್ ಮಾಡ್ತಿದ್ದೆ.”

ಶಿವಶಂಕರ ಅವ್ವನ ಹೊದಿಕೆ ಸರಿಮಾಡಿದ. ಮುದುಕರು ಮೆಲ್ಲಗೆ ಕೇಳಿದರು:

“ಅವ್ವನ ಫೋಟೊ ತೆಗ್ದುಬುಡ್ಲಾ?”

“ಇವತ್ತು ಬ್ಯಾಡಿ ಸಾರ್. ನನ್ ಸೆಂಟ್ರುಗೆ ಸೈಟು ಬುಡಿ. ಅಲ್ಲಿ ಕುಂತ್ಕಂಡು ಒಂದ್ಸಲ ಅವ್ವನ್ನ ನೋಡ್ತೀನಿ. ಆಮೇಕೆ ತೆಗೀರಿ.”