ಕಾವ್ಯಶ್ರೀ ಕಂಪ್ಯೂಟರ್ ಬದಲಿಸಿದ್ದು

ಸಿದ್ದಾಪುರ ಪೇಟೆಯಲ್ಲಿ ಕಾವ್ಯಶ್ರೀ ಮತ್ತು ಅವಳ ಗಂಡ ನವೀನನದು ಮದುವೆ ವಿಡಿಯೋದ ಅಂಗಡಿ. ಅವನು ಕ್ಯಾಮೆರಾ ಹಿಡಿಯುತ್ತಾನೆ, ಕೂತು ಎಡಿಟ್ ಮಾಡುವುದು ಇವಳು. ನಿಲ್ಕುಂದದ ತವರಿನಲ್ಲಿ ಕಂಪ್ಯೂಟರ್ ಇರಲಿಲ್ಲ. ಕಲಿತದ್ದೆಲ್ಲ ಈ ಅಂಗಡಿಯಲ್ಲೇ.

ನವೀನ ಹೊಸ ಕ್ಯಾಮೆರಾ ತಂದಮೇಲೆ ಹಳೆಯ ಕಂಪ್ಯೂಟರ್‌ಗೆ ಅದರ ವಿಡಿಯೋ ಭಾರವಾಯಿತು. ಧಾರೆ ಎರೆಯುವ ಕೈ ಪರದೆಯ ಮೇಲೆ ಅರ್ಧದಲ್ಲೇ ನಿಂತುಬಿಡುತ್ತಿತ್ತು.

“ದೊಡ್ಡ ಗ್ರಾಫಿಕ್ಸ್ ಕಾರ್ಡ್ ಒಂದು ಹಾಕ್ಸಿದ್ರೆ ಮುಗೀತು,” ಎಂದ ನವೀನ.

“ಪ್ರೊಸೆಸರೂ ಹಳೇದೇ. ಈ ಮದರ್‌ಬೋರ್ಡಿಗೆ ಹೊಸ ಪ್ರೊಸೆಸರ್ ಕೂರುದಿಲ್ಲ. ಮೊದ್ಲು ಬೋರ್ಡು, ಪವರ್ ಸಪ್ಲೈ ಒಳ್ಳೇದು ಹಾಕ್ಸುವಾ. ಕಾರ್ಡ್ ಆಮೇಲಾದ್ರೂ ಆಗ್ತದೆ,” ಎಂದಳು ಕಾವ್ಯಶ್ರೀ.

“ಮುಂದೆ ಎಂತ ಬರ್ತದೆ ಅಂತ ನಿಂಗೆ ಗೊತ್ತನೆ?”

“ಗೊತ್ತಿಲ್ಲ. ಅದ್ಕೇ ಜಾಗ ಬಿಟ್ಟಿಡುದು.”

ಮಾತಿನಲ್ಲೇ ಚಳಿಗಾಲ ಕಳೆಯಿತು. ಏಪ್ರಿಲ್‌ನ ಒಂದು ಮಧ್ಯಾಹ್ನ ಸಿಡಿಲು ಹೊಡೆದು ಕಂಪ್ಯೂಟರ್ ಸತ್ತೇಹೋಯಿತು. “ಕಾರ್ಡ್ ಹಾಕ್ಸಿದ್ರೆ ಅದೂ ಸುಟ್ಟೋಗ್ತಿತ್ತು,” ಎಂದು ನವೀನನೇ ಹೇಳಿದ.

ಅದೇ ವಾರ ಹೆಗ್ಗರಣೆಯ ಜಟ್ಟಪ್ಪ ಬಂದ. ಅವನ ಮಗನ ಮದುವೆಯ ವಿಡಿಯೋ ಆ ಕಂಪ್ಯೂಟರಿನಲ್ಲಿತ್ತು. ಮದುವೆಯಲ್ಲಿ ಸೋಬಾನೆ ಹಾಡಿದ್ದ ಅವನ ತಾಯಿ ಆಮೇಲೆ ತೀರಿಕೊಂಡಿದ್ದಳು.

“ಅಬ್ಬೆ ದನಿ ಅದ್ರಲ್ಲಿ ಮಾತ್ರ ಇರುದು, ತಂಗಿ. ಹೋಯ್ತಾ?”

“ಡಿಸ್ಕ್ ತೆಗ್ದು ನೋಡ್ತೆ. ಈಗ್ಲೇ ಎಂತದೂ ಹೇಳೂಕಾಗುದಿಲ್ಲ,” ಎಂದಳು ಕಾವ್ಯಶ್ರೀ. ಅವನು ಹೋದಮೇಲೆ ಅವಳಿಗೆ ಊಟ ಸೇರಲಿಲ್ಲ. ಕ್ಯಾಮೆರಾದ ಮೆಮೊರಿ ಕಾರ್ಡನ್ನು ಅಳಿಸಿ ಮುಂದಿನ ಮದುವೆಗೆ ಬಳಸಿಯಾಗಿತ್ತು.

ಮರುದಿನ ಹಳೆಯ ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಇಬ್ಬರೂ ಶಿರಸಿಗೆ ಹೋದರು. ಅಲ್ಲಿಯ ಕಂಪ್ಯೂಟರ್ ಅಂಗಡಿಯ ಗಿರೀಶ ಹೊಸದೊಂದನ್ನು ಅವಳು ಹೇಳಿದಂತೆಯೇ ಜೋಡಿಸಿದ: ಮುಂದೆ ಬೇರೆ ಪ್ರೊಸೆಸರ್ ಕೂರಿಸಬಹುದಾದ ಬೋರ್ಡು, ದೊಡ್ಡ ಕಾರ್ಡನ್ನೂ ತಾಳುವ ಪವರ್ ಸಪ್ಲೈ, ರ‍್ಯಾಮ್ ಹಾಕುವ ಎರಡು ಜಾಗ ಖಾಲಿ. ಸದ್ಯಕ್ಕೆ ಪ್ರೊಸೆಸರಿನೊಳಗಿನ ಗ್ರಾಫಿಕ್ಸೇ ಸಾಕೆಂದಳು. ಕೊನೆಗೆ ಹಳೆಯ ಡಿಸ್ಕ್ ಸಿಕ್ಕಿಸಿದ. ಹೆಗ್ಗರಣೆಯ ಮದುವೆ ತೆರೆದುಕೊಂಡಿತು. ಹೆಡ್‌ಫೋನಿನಲ್ಲಿ ಮುದುಕಿಯ ಹಾಡು ಕೇಳಿದಾಗ ಕಾವ್ಯಶ್ರೀ ಕುರ್ಚಿ ಎಳೆದುಕೊಂಡು ಕೂತುಬಿಟ್ಟಳು.

ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಎಡಿಟಿಂಗ್ ನಿಧಾನವಾಗಿಯೇ ಸಾಗಿತು, ಆದರೆ ಎಲ್ಲಿಯೂ ನಿಲ್ಲಲಿಲ್ಲ. ಜಟ್ಟಪ್ಪನಿಗೆ ಹಾಡನ್ನು ಬೇರೆಯೇ ಒಂದು ಪೆನ್‌ಡ್ರೈವಿಗೆ ಹಾಕಿಕೊಟ್ಟಳು. ಅವನು ಅಂಗಡಿಯಲ್ಲೇ ನಿಂತು ಕೇಳಿದ. “ಇನ್ನೊಂದ್ಸಲ ಹಾಕು,” ಎಂದ.

ಮುಂದಿನ ವರ್ಷ ನವೀನ ತಾನೇ ಗ್ರಾಫಿಕ್ಸ್ ಕಾರ್ಡ್ ತಂದು ಕೂರಿಸಿದ. ಬೇರೇನನ್ನೂ ಬದಲಿಸಬೇಕಾಗಲಿಲ್ಲ. ಈಗ ಪ್ರತಿ ಮದುವೆಯೂ ಇನ್ನೊಂದು ಡಿಸ್ಕಿನಲ್ಲೂ ಇರುತ್ತದೆ. ಅದನ್ನು ಅವಳು ಅಂಗಡಿಯಲ್ಲಿಡದೆ ಮನೆಗೆ ಒಯ್ಯುತ್ತಾಳೆ.