ಐವತ್ತೇಳನೆಯ ಇಸವಿಯ ಪೋಸ್ಟರ್

ಆ ಚಳಿಗಾಲ ನೆನಪಾದರೆ ಮೊದಲು ಕಿವಿಗೆ ಬರುವುದು ಪೋಸ್ಟರ್ ಬೋರ್ಡಿನ ಮೇಲೆ ಮಾರ್ಕರ್ ಕಿರುಗುಟ್ಟುವ ಸದ್ದು. ತೊಂಬತ್ತೆಂಟರಲ್ಲಿ, ವೆಸ್ಟ್ ಬ್ಲೂಮ್‌ಫೀಲ್ಡಿನ ಮಗಳ ಮನೆ. ಊಟದ ಮೇಜಿನ ತುಂಬ ಮೊಮ್ಮಗಳ ಸ್ಕೂಲ್ ಪ್ರಾಜೆಕ್ಟ್. ಒಂದೇ ಒಂದು ವರ್ಷ ಆರಿಸಿಕೊಂಡು, ಆಗ ಜಗತ್ತಿನಲ್ಲಿ ಏನೇನಾಯಿತೆಂದು ಬರೆಯಬೇಕಿತ್ತು. ಆರಿಸಿದವಳು ನಾನು: ಎಯ್ಟೀನ್ ಫಿಫ್ಟಿ ಸೆವೆನ್. ಕಾನ್ವೆಂಟಿನಲ್ಲಿ ನನಗೆ ಹಿಸ್ಟರಿ ಪ್ರೈಜ್ ಬಂದಿತ್ತು, ನೋಡಿ. ಆ ಜಂಬ ಮುದುಕಿಯಾದರೂ ಇಳಿದಿರಲಿಲ್ಲ.

ನ್ಯೂಯಾರ್ಕಿನ ಅಂಗಡಿಯೊಂದರಲ್ಲಿ ಜನ ಮೊದಲ ಸಲ ಹತ್ತಿದ ಲಿಫ್ಟ್, ಕಪ್ಪು ಜನ ಈ ದೇಶದ ಪ್ರಜೆಗಳೇ ಅಲ್ಲವೆಂದ ಕೋರ್ಟಿನ ತೀರ್ಪು, ಬಾಗಿಲು ಹಾಕಿದ ಬ್ಯಾಂಕುಗಳು, ನಮ್ಮ ಮದರಾಸು, ಬೊಂಬಾಯಿ, ಕಲ್ಕತ್ತೆಗಳಿಗೆ ಬಂದ ಯೂನಿವರ್ಸಿಟಿಗಳು. ಇಷ್ಟನ್ನು ಅವಳೇ ಲೈಬ್ರರಿಯಲ್ಲಿ ಹುಡುಕಿದಳು. ಇಂಡಿಯಾದ ದೊಡ್ಡ ಚೌಕವನ್ನು ಮಾತ್ರ ನಾನು, ಸಿಸ್ಟರ್ ಬಾಯಿಪಾಠ ಮಾಡಿಸಿದ್ದಂತೆಯೇ, ಹೇಳಿ ಬರೆಸಿದೆ. ಮೇಲೆ ಕೆಂಪು ಅಕ್ಷರದಲ್ಲಿ "ದಿ ಮ್ಯೂಟಿನಿ".

ಮಧ್ಯಾಹ್ನ ಎದುರುಮನೆಯ ಗೆಳತಿ ಬಂದರು. ಮುಧೋಳದ ಕಡೆಯ ಮುಸ್ಲಿಂ ಮನೆತನ. ಮಗ ಹತ್ತಿರದ ವಾರೆನ್ ಊರಿನಲ್ಲಿ ಕಾರು ಡಿಸೈನ್ ಮಾಡುವ ಎಂಜಿನಿಯರ್. ಮಕ್ಕಳೆಲ್ಲ ಕೆಲಸಕ್ಕೆ ಹೋದಮೇಲೆ ಆ ಇಡೀ ಬಡಾವಣೆಯಲ್ಲಿ ಕನ್ನಡ ಮಾತಾಡಲು ನನಗಿದ್ದವರು ಅವರೊಬ್ಬರೇ. ಅವರಿಗೆ ಇಂಗ್ಲಿಷ್ ಓದಲು ಬಾರದು. ಚಹಾ ಕೊಟ್ಟು, ಹೆಮ್ಮೆಯಿಂದ ನಾನೇ ಕನ್ನಡ ಮಾಡಿ ಹೇಳಿದೆ: "ಸಿಪಾಯಿಗಳು ದಂಗೆ ಎದ್ದರು. ಸರ್ಕಾರ ಅಡಗಿಸಿತು. ಮತ್ತೆ ಶಾಂತಿ ನೆಲೆಸಿತು."

"ಶಾಂತಿ?" ಅವರು ಕಪ್ಪು ಕೆಳಗಿಟ್ಟರು. "ಆ ವರ್ಸ ಹಲಗಲಿ ಊರಿಗೆ ಊರಽ ಸುಟ್ರಲ್ರೀ. ಆಯುಧ ಕೊಡಂಗಿಲ್ಲ ಅಂದ ಬ್ಯಾಡ್ರನ್ನ ಗಲ್ಲಿಗೆ ಹಾಕಿದ್ರು. ನಮ್ಮ ಮುತ್ತಜ್ಜನ ಅಪ್ಪ ಅವರ ಸಂಗಾಟ ನಿಂತು ಸತ್ತ. ಕಾನ್ವೆಂಟ್‌ನ್ಯಾಗ ಇದನ್ನ ಹೇಳಲಿಲ್ಲೇನು?"

"ಇಲ್ಲ, ಪೋರ್ಷನ್‌ನಲ್ಲಿ ಇರಲಿಲ್ಲ," ಎಂದೆ. ಎಂಥ ಮಾತು! ಅವರು ಸೆರಗು ತಲೆಗೆಳೆದುಕೊಂಡು ಎದ್ದು ಹೋದರು.

ನಾಲ್ಕು ದಿನ ಬರಲಿಲ್ಲ. ಕಿಟಕಿಯಲ್ಲಿ ಕೂತು ಅವರ ಡ್ರೈವ್‌ವೇ ನೋಡಿದೆ. ಫೋನ್ ಎತ್ತಿದೆ, ಇಟ್ಟೆ. ಅವರಿಲ್ಲದಿದ್ದರೆ ದಿನವಿಡೀ ನಾನು ಯಾರೊಡನೆ ಮಾತಾಡುವುದು? ಐದನೆಯ ದಿನ ಮೊಮ್ಮಗಳ ಕೈಯಲ್ಲಿ ಹೊಸ ಬೋರ್ಡ್ ಹೊರಿಸಿ ರಸ್ತೆ ದಾಟಿದೆ.

"ನೀವೇ ಹೇಳಿ, ಇವಳು ಬರ್ಕೋತಾಳೆ," ಎಂದೆ.

ಬಾಗಿಲಲ್ಲೇ ನಿಂತು ನನ್ನನ್ನು ನೋಡಿದರು. "ಮೊದ್ಲ ಒಳಗ ಬರ್ರಿ. ಇಂಥಾ ಥಂಡ್ಯಾಗ ಹುಡುಗೀನ ನಿಲ್ಲಿಸ್ಕೊಂಡೀರಲ್ಲ, ಭಾಳ ಶಾಣ್ಯಾ ಇದ್ದೀರಿ."

ಅವರು ಹೇಳಿದರು, ನಾನು ಇಂಗ್ಲಿಷ್ ಮಾಡಿದೆ, ಹುಡುಗಿ ಬರೆದಳು. ಕೊನೆಗೆ, "ಅಜ್ಜಿ, ಟೀಚರ್ ವಾಂಟ್ಸ್ ಎ ಸೋರ್ಸ್," ಎಂದಳು.

"ಏನಂತ ಅಕೀದು?"

"ಇದನ್ನ ಯಾರು ಹೇಳಿದ್ದು ಅಂತ ಬರೀಬೇಕಂತೆ."

"ಎದುರುಮನಿ ಆಂಟಿ ಅಂತ ಬರಿ. ಮಾರ್ಕ್ಸ್ ಕಡಿಮಿ ಕೊಟ್ರ ಆ ಟೀಚರನ್ನ ನನ್ನ ಕಡೆ ಕಳಸು."

ಮಾರ್ಕ್ಸ್ ಎಷ್ಟು ಬಂತೋ ಮರೆತಿದ್ದೇನೆ. ಅವರು ಮತ್ತೆ ಬರತೊಡಗಿದರು. ಆದರೆ ಕ್ಷಮೆಯ ಮಾತು ನನ್ನ ಬಾಯಿಂದ ಬಂದಿರಲಿಲ್ಲ. ಮಾರ್ಚಿನಲ್ಲಿ ಅವರ ಮಗನಿಗೆ ಚಿಕಾಗೋ ಕಡೆ ಕೆಲಸವಾಯಿತು. ಹೊರಡುವ ಬೆಳಿಗ್ಗೆ ವ್ಯಾನಿನ ಕಿಟಕಿಯ ಬಳಿ ಹೋಗಿ ಹೇಳಿದೆ: "ಅವತ್ತಿನದಕ್ಕೆ ಐ ಆಮ್ ಸಾರಿ ಕಣ್ರೀ."

"ಅಯ್ಯ, ಇಷ್ಟು ದಿನ ಅದನ್ನ ಹೊಟ್ಯಾಗ ಇಟ್ಕೊಂಡು ಕುಂತಿದ್ರೇನು?" ನಕ್ಕುಬಿಟ್ಟರು. ಕೈ ಹೊರಚಾಚಿ ನನ್ನ ಕೈ ಹಿಡಿದರು. ಮಗ ವ್ಯಾನನ್ನು ಹಿಂದಕ್ಕೆ ತೆಗೆಯುವವರೆಗೂ ಬಿಡಲಿಲ್ಲ. ಆಮೇಲೆ ಅವರನ್ನು ನಾನು ನೋಡಲಿಲ್ಲ.