ಕಸದ ಬುಟ್ಟಿಯಲ್ಲಿ ಸಿಕ್ಕ ಮಾತ್ರೆ

ಸ್ನೇಹಿತರೇ, ಇಂದು ಕವಲಂದೆಯ ಅಕ್ಕನ ಮನೆಯಲ್ಲಿ ಒಂದು ಮಾತ್ರೆಯ ವಿಚಾರಣೆ ನಡೆಯಿತು. ಅಕ್ಕನಿಗೆ ಮಗು ಬೇಕು; ಮುಟ್ಟು ಮಾತ್ರ ಒಮ್ಮೊಮ್ಮೆ ಮೂರು ತಿಂಗಳಾದರೂ ಸುಳಿವಿಲ್ಲ. ‘ಮೊದಲು ಅದು ಸರಿಹೋಗಲಿ, ಮಧ್ಯೆ ನಿಲ್ಲಿಸಬೇಡಿ’ ಎಂದು ನಂಜನಗೂಡಿನ ಡಾಕ್ಟರು ಹಾರ್ಮೋನ್ ಮಾತ್ರೆ ಬರೆದುಕೊಟ್ಟಿದ್ದರು. ನಾನು ಹೋಗುವಷ್ಟರಲ್ಲಿ ಅವಳ ಅತ್ತೆ ಅದನ್ನು ಕಸದ ಬುಟ್ಟಿಗೆ ಎಸೆದಿದ್ದರು. ಅಕ್ಕ ಅಳುತ್ತಿದ್ದಳು. ಅತ್ತೆ ನನಗೇ ಬುದ್ಧಿ ಹೇಳಿದರು:

“ಇಂಥ ಗುಳ್ಗೆ ನುಂಗುದ್ರೆ ಗರ್ಭ ಒಣಗೋಯ್ತದೆ ಕಣಪ್ಪ. ಆಮೇಲೆ ಬಸ್ರು ಎಲ್ಲಿಂದ ನಿಂತದೆ?”

ನಾನು ಬುಟ್ಟಿಯಿಂದ ಶೀಟು ಎತ್ತಿ, ಭಾವನ ಕನ್ನಡಕ ಏರಿಸಿಕೊಂಡು, ಶಾಸನ ಓದುವ ಗಾಂಭೀರ್ಯದಲ್ಲಿ ಅದರ ಹೆಸರು ಓದಿದೆ.

“ಅತ್ತೆ, ಹೋದ್ ತಿಂಗ್ಳು ಪೂಜೆ ದಿನ ಅಕ್ಕ ಎಲ್ಲಿ ಮುಟ್ಟಾಗ್ಬುಡ್ತಾಳೋ ಅಂತ ಡಾಕ್ಟ್ರನ್ನೂ ಕೇಳ್ದೆ ನನ್ ಕೈಲೇ ಮಾತ್ರೆ ತರ್ಸಿ ನುಂಗ್ಸಿದ್ರಲ್ಲ, ಇದೇ ಕಣತ್ತೆ ಅದು. ಆಗ ಒಣಗ್ನಿಲ್ವಾ?”

“ಅದು ದೇವ್ರ ಕೆಲ್ಸಕ್ಕೆ ಕಣೋ!”

ಪೂಜೆಗೆ ನುಂಗಿದರೆ ಒಣಗದ ಗರ್ಭ, ಮಗುವಿಗಾಗಿ ನುಂಗಿದರೆ ಮಾತ್ರ ಒಣಗುತ್ತದಂತೆ! ಅಕ್ಕ ಕಣ್ಣೊರೆಸಿಕೊಂಡು, ಅತ್ತೆಯ ಎದುರೇ ಇಂದಿನ ಮಾತ್ರೆ ನುಂಗಿದಳು. ಉಳಿದವನ್ನು ನಾನು ಮನೆದೇವರ ಪಟದ ಮುಂದಿಟ್ಟು, ಶೀಟಿಗೆ ಕುಂಕುಮ ಹಚ್ಚಿ ಬಂದಿದ್ದೇನೆ. ಈಗ ಎಸೆಯಲಿ, ನೋಡೋಣ.